ಲಿಂಗಭೇದ, ಶಾಸನ ಮತ್ತು ಸಮಾನ ಸಂರಕ್ಷಣೆ: ಚಿಕ್ಕೋಡಿ ಸೀಮೆ

ಸ್ತ್ರೀಪುರುಷರೆಂಬ ಭೇದವನ್ನೇ ಆಧಾರವಾಗಿಟ್ಟುಕೊಂಡು ಹಕ್ಕನ್ನು ಕೊಡುವ, ಕಡಿಮೆ ಮಾಡುವ ಇಲ್ಲವೆ ರಕ್ಷಣೆಯ ಹೆಸರಿನಲ್ಲಿ ನಿರ್ಬಂಧ ವಿಧಿಸುವ ಶಾಸನಗಳೂ, ಅವನ್ನು ಸಂವಿಧಾನದ ಒರೆಗಲ್ಲಿಗೆ ಹಚ್ಚಿ ನೋಡಿದ ತೀರ್ಪುಗಳೂ ಈ ಶೀರ್ಷಿಕೆಯ ವಿಷಯ. ಸಂವಿಧಾನದ 14ನೆಯ ಅನುಚ್ಛೇದವು ಶಾಸನಗಳ ಸಮಾನ ಸಂರಕ್ಷಣೆಯನ್ನು ಎಲ್ಲರಿಗೂ ಕೊಟ್ಟಿದೆ. 15ನೆಯದರ ಮೊದಲ ಖಂಡವು ಲಿಂಗದ ಕಾರಣದಿಂದಲೇ ಪಕ್ಷಪಾತ ತೋರುವುದನ್ನು ನಿಷೇಧಿಸಿದೆ. ಅದರ ಮೂರನೆಯ ಖಂಡವು ಸ್ತ್ರೀಯರಿಗಾಗಿ ವಿಶೇಷ ಏರ್ಪಾಡು ಮಾಡಲು ಸರಕಾರಕ್ಕೆ ಅವಕಾಶವಿತ್ತಿದೆ. ಈ ಸೀಮೆಯನ್ನೊಳಗೊಂಡ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದ ಕಾಲದಲ್ಲಿ, 1953ರಲ್ಲಿ, ಪುರಸಭೆಗಳಲ್ಲಿ ಸ್ತ್ರೀಯರಿಗೆ ಸ್ಥಾನ ಕಾಯ್ದಿಡುವುದನ್ನು ಆ ರಾಜ್ಯದ ಹೈಕೋರ್ಟು ಎತ್ತಿಹಿಡಿದುದು ಈ ಮೂರನೆಯ ಖಂಡದ ಬಲದಿಂದಲೇ. ಮರುವರ್ಷ ಸುಪ್ರೀಂ ಕೋರ್ಟು, ವ್ಯಭಿಚಾರದ ಅಪರಾಧದಲ್ಲಿ ಹೆಂಡತಿಗೆ ವಿನಾಯಿತಿ ನೀಡಿದ್ದ ದಂಡಸಂಹಿತೆಯ 497ನೆಯ ಕಲಮನ್ನು ಅದೇ ಖಂಡದ ಆಸರೆಯಿಂದ ಉಳಿಸಿತು. ಕರುಣೆಯಂತೆ ತೋರುವ ಆ ವಿನಾಯಿತಿಯ ಹಿಂದೆ ಹೆಂಡತಿಯು ಗಂಡನ ಸೊತ್ತೆಂಬ ಭಾವನೆ ಅಡಗಿರುವುದನ್ನು ಗುರುತಿಸಿ ಕಲಮನ್ನು ರದ್ದುಗೊಳಿಸಿದ್ದು 2018ರಲ್ಲಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಈ ಪ್ರಶ್ನೆ ಮುಖ್ಯವಾಗಿ ಹೊಲದ ಪ್ರಶ್ನೆ. ಮೈಸೂರು ಸಂಸ್ಥಾನದ 1933ರ ಸ್ತ್ರೀ ಹಕ್ಕುಗಳ ಕಾಯಿದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಗಂಡುಮಗ ಹುಟ್ಟಿನಿಂದಲೇ ಪಾಲುದಾರನಾದರೆ ಮಗಳು ಮದುವೆಯಾಗಿ ಹೋಗುವವಳು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಈ ಸೀಮೆಯಲ್ಲಿ ಬಹುಸಂಖ್ಯೆಯಲ್ಲಿರುವ ಲಿಂಗಾಯತರನ್ನೂ ಜೈನರನ್ನೂ ಒಳಗೊಂಡು, ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟಿತಾದರೂ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಹಕ್ಕನ್ನು ಗಂಡಿಗೇ ಬಿಟ್ಟಿತು. ಮಗಳನ್ನೂ ಪಾಲುದಾರಳನ್ನಾಗಿ ಮಾಡಿದ ತಿದ್ದುಪಡಿಯು ಮಹಾರಾಷ್ಟ್ರದಲ್ಲಿ 1994ರ ಜೂನ್ 22ರಂದೂ ಕರ್ನಾಟಕದಲ್ಲಿ ಅದೇ ವರ್ಷದ ಜುಲೈ 30ರಂದೂ ಜಾರಿಗೆ ಬಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಎರಡೂ ರಾಜ್ಯಗಳು ಹೊರಗಿಟ್ಟವು. ನಿಪ್ಪಾಣಿಯವರಿಗೂ ಮಹಾರಾಷ್ಟ್ರದ ಕಾಗಲದವರಿಗೂ, ಕಾಗವಾಡದವರಿಗೂ ಗಡಿಯಾಚೆಯ ಮಿರಜಿನವರಿಗೂ ಕೊಳುಕೊಡೆ ಇಂದಿನದಲ್ಲ. ಆ ವರ್ಷ ಜುಲೈ ಮೊದಲ ವಾರದಲ್ಲಿ ಅಕ್ಷತೆ ಬಿದ್ದಿದ್ದರೆ, ಕಾಗಲದ ಮಗಳು ತವರಿನ ಹೊಲದಲ್ಲಿ ಪಾಲುದಾರಳು, ನಿಪ್ಪಾಣಿಯ ಮಗಳು ಅಲ್ಲ. ಮೂವತ್ತೆಂಟು ದಿನಗಳ ಈ ಅಂತರಕ್ಕೆ ಗೆಜೆಟ್ಟಿನ ಹೊರಗೆ ಯಾವ ಸಮರ್ಥನೆಯೂ ಇರಲಿಲ್ಲ. ಗಂಡುಮಗನಿಗಾದರೋ ಮದುವೆಯ ದಿನಾಂಕವನ್ನು ಯಾರೂ ಕೇಳಿದವರಲ್ಲ.

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ವಿವಾಹಿತೆ ಅವಿವಾಹಿತೆಯೆಂಬ ಭೇದವನ್ನು ಅಳಿಸಿತು. ಆದರೂ ದಿನಾಂಕದ ಕಾಟ ತಪ್ಪಲಿಲ್ಲ. 1988ರಲ್ಲಿ ತಂದೆ ತೀರಿಕೊಂಡ ಮೇಲೆ ಮಗಳೊಬ್ಬಳು 1992ರಲ್ಲಿ ಬೆಳಗಾವಿಯ ನ್ಯಾಯಾಲಯದಲ್ಲಿ ಹೂಡಿದ ವಾಟ್ನಿಯ (ಆಸ್ತಿ ವಿಭಾಗದ) ದಾವೆ, ಪ್ರಕಾಶ್ ವಿರುದ್ಧ ಫೂಲವತಿ ಎಂಬ ಹೆಸರಿನಿಂದ ಸುಪ್ರೀಂ ಕೋರ್ಟನ್ನು ಮುಟ್ಟಿ 2015ರಲ್ಲಿ ತೀರ್ಮಾನವಾದಾಗ, ತಿದ್ದುಪಡಿಯ ದಿನ ತಂದೆಯೂ ಮಗಳೂ ಜೀವಂತವಾಗಿದ್ದರೆ ಮಾತ್ರ ಹಕ್ಕುಂಟೆಂದು ನ್ಯಾಯಾಲಯ ಹೇಳಿತು. ಜನ್ಮದಿಂದ ಬರುವ ಹಕ್ಕಿಗೆ ತಂದೆಯ ಮರಣದ ತಾರೀಖು ಹೇಗೆ ಅಡ್ಡಬರಬೇಕೆಂಬ ಶಂಕೆಯನ್ನು 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಪರಿಹರಿಸಿ ಹಿಂದಿನ ನಿರ್ಣಯವನ್ನು ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಇಲ್ಲವೆ ನ್ಯಾಯಾಲಯದ ಡಿಕ್ರಿಯಿಂದಾದ ವಾಟ್ನಿಗಳಿಗೆ ಬಾಧಕವಿಲ್ಲ.

ಶಾಸನ ಇಷ್ಟು ದೂರ ನಡೆದು ಬಂದರೂ ಉತಾರದಲ್ಲಿ (ಪಹಣಿಯಲ್ಲಿ) ಹೆಣ್ಣುಮಗಳ ಹೆಸರು ನಿಲ್ಲುವುದು ಬೇರೆಯ ಮಾತು. ವಾರಸಾ ದಾಖಲಾದ ಕೆಲವು ದಿನಗಳಲ್ಲೇ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಜೀಪಿನಲ್ಲಿ ಕರೆತಂದು, ಸಬ್‌ರಜಿಸ್ಟ್ರಾರ್ ಕಚೇರಿಯ ಬಾಕಿನ ಮೇಲೆ ಕೂಡಿಸಿ, ಹಕ್ಕಸೋಡ (ಹಕ್ಕುಬಿಡುವ) ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಸೀರೆ ಕುಪ್ಪಸ ಕೊಟ್ಟು ಕಳಿಸುವುದು ಈ ಕಡೆಯ ವಾಡಿಕೆ. ಪಾಲು ಕೇಳಿದರೆ ನಾಗರಪಂಚಮಿಗೆ ತವರಿನಿಂದ ಕರೆ ಬಾರದೆಂಬ ಅಂಜಿಕೆಯನ್ನು ಯಾವ ಪೀಠವೂ ವಿಚಾರಿಸಲಾರದು. ಆ ಹೆಬ್ಬೆಟ್ಟನ್ನು ಸಮ್ಮತಿಯೆಂದು ಕರೆಯಬೇಕೋ ಒತ್ತಾಯವೆಂದು ಕರೆಯಬೇಕೋ ಎಂಬಲ್ಲಿ ಈ ಲೇಖಕನಿಗೂ ಬಹಳ ಸಂದೇಹವಿಲ್ಲ.

ರಕ್ಷಣೆಯ ರೂಪದ ಭೇದಕ್ಕೆ ನಿಪ್ಪಾಣಿಯ ತಂಬಾಕು ಉದಾಹರಣೆ. ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರು ಘಾಟಿನ ನಡುವೆ ದುಡಿದುದನ್ನೂ ಸಂಘ ಕಟ್ಟಿದುದನ್ನೂ ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ ಚಿತ್ರಿಸಿದೆ. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯು ಹೆಂಗಸರು ಕಾರ್ಖಾನೆಯಲ್ಲಿ ಬೆಳಗಿನ 6ರಿಂದ ಸಂಜೆಯ 7ರ ಒಳಗೆ ಮಾತ್ರ ದುಡಿಯಬೇಕೆಂದು ವಿಧಿಸಿತು. ಕೂಸುಗಳಿಗೆ ಕೊಠಡಿ ಕಟ್ಟುವ ಹೊಣೆಯನ್ನೂ ದುಡಿಯುವ ಹೆಂಗಸರ ಸಂಖ್ಯೆಯ ಮೇಲೆಯೇ ಗೊತ್ತುಪಡಿಸಿತು, ತಂದೆಗೆ ಕೂಸಿನ ಸಂಬಂಧವೇ ಇಲ್ಲವೆಂಬಂತೆ. ಫ್ಯಾಕ್ಟರಿ ಕಾಯಿದೆಯ ಇಂತಹುದೇ ರಾತ್ರಿ ನಿಷೇಧವನ್ನು ಮದರಾಸು ಹೈಕೋರ್ಟು ಅಸಿಂಧುವೆಂದು ಸಾರಿದೆ. 2020ರ ವೃತ್ತಿ ಸುರಕ್ಷತಾ ಸಂಹಿತೆಯು ಸುರಕ್ಷತೆಯ ಷರತ್ತಿನೊಡನೆ, ಹೆಂಗಸಿನ ಒಪ್ಪಿಗೆಯಿದ್ದರೆ ರಾತ್ರಿ ಕೆಲಸಕ್ಕೆ ಎಡೆಗೊಟ್ಟಿದೆ. ಆದರೆ 1966ರ ಕಾಯಿದೆಯು ಕಾರ್ಖಾನೆಯ ಆವರಣವೆಂಬುದನ್ನು ವಿವರಿಸುವಾಗಲೇ ವಾಸದ ಮನೆಯನ್ನು ಅದರಿಂದ ಹೊರಗಿಟ್ಟಿತ್ತು. ಆದಕಾರಣ ಗುತ್ತಿಗೆದಾರನಿಂದ ಎಲೆ, ತಂಬಾಕು, ದಾರಗಳನ್ನು ಎಣಿಸಿ ತೂಗಿಸಿ ತಂದವಳು ಏಳು ಗಂಟೆ ಹೊಡೆದ ಮೇಲೆ, ಅಡಿಗೆ ಮುಗಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಬೀಡಿ ಸುತ್ತಲು ಕುಳಿತರೆ ರಾತ್ರಿ ನಿಷೇಧದ ಆ ಕಲಮು ಅವಳಿಗೆ ಅನ್ವಯಿಸುತ್ತಿರಲಿಲ್ಲ.