ಬಹುವಚನದ ಹಿಂದುಮುಂದು

ದೀಪಾವಳಿಯ ಸೂಟಿಯಲ್ಲಿ ವಿಜಯಪುರ ಜಿಲ್ಲೆಯ ನಮ್ಮೂರಿನಿಂದ ದೊಡ್ಡಪ್ಪನವರು ಭೋಸರಿಗೆ ಬಂದಿದ್ದರು. ಬಾಗಿಲು ತೆರೆದವಳು ನಮ್ಮ ಒಂಬತ್ತು ವರುಷದ ಮಗಳು. ಸಂತೋಷದಿಂದಲೇ, "ಅಜ್ಜಾ, ನೀ ಯಾವಾಗ ಬಂದಿ? ಚಹಾ ಕುಡೀತಿ ಏನು?" ಎಂದಳು. ದೊಡ್ಡಪ್ಪ ನಕ್ಕು ಅವಳ ತಲೆ ಸವರಿದರು. ಆದರೆ ರಾತ್ರಿ ಊಟವಾದ ಮೇಲೆ, ಎಲೆ-ಅಡಿಕೆ ಹಾಕಿಕೊಳ್ಳುತ್ತ, "ಇಂಗ್ಲಿಷ್ ಕಲಿಸೀರಿ, ಮರಾಠಿ ಕಲಿಸೀರಿ, ಛಲೋ ಆತು. ಬಹುವಚನ ಕಲಿಸೋದು ಮರ್ತೀರೇನು?" ಎಂದರು. ನಮ್ಮಿಬ್ಬರಿಗೂ ನೆಲ ನೋಡುವಂತಾಯಿತು.

ವಾಚಕರು ಆ ಮಾತನ್ನು ಗಮನಿಸಬೇಕು. ದೊಡ್ಡಪ್ಪ 'ಮರ್ಯಾದೆ' ಎನ್ನಲಿಲ್ಲ, 'ಬಹುವಚನ' ಎಂದರು. ಅವರು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ವ್ಯಾಕರಣದ ಪಾರಿಭಾಷಿಕ ಶಬ್ದವನ್ನು ಹೊಲದ ಬದುವಿನ ಮೇಲೂ ಬಳಸುವ ಜನ ನಾವು ಕನ್ನಡಿಗರು. ಜಗಳ ಬಲಿತರೆ 'ಏಕವಚನಕ್ಕೆ ಇಳಿದರು' ಎನ್ನುತ್ತೇವೆ. ಎಷ್ಟು ಜನ ಎಂದು ಎಣಿಸಲು ಹುಟ್ಟಿದ ಶಬ್ದ, ಎಷ್ಟು ದೊಡ್ಡವರು ಎಂದು ಅಳೆಯಲು ನಿಂತಿದೆ. ಬಿ.ಎಸ್‌ಸಿ. ಓದಿದವರಿಗೆ ಒಂದು ಮಾಪಕದಿಂದ ಬೇರೊಂದನ್ನು ಅಳೆದರೆ ಕಸಿವಿಸಿಯಾಗುತ್ತದೆ. ಆದರೆ ಈ ಅಳತೆ ನಿನ್ನೆ ಮೊನ್ನೆಯದಲ್ಲ.

ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸುಮಾರು 7ನೆಯ ಶತಮಾನದ ಚಿಕ್ಕ ಚಿಕ್ಕ ಶಾಸನಗಳಿವೆ. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ ನೆನಪಿಗೆ ಕೊರೆದವು. ಅಲ್ಲಿ 'ಗುರವಡಿಗಳ್' ಎಂಬ ಗೌರವದ ಮಾತು ಮತ್ತೆ ಮತ್ತೆ ಬರುತ್ತದೆ. ತೀರಿಕೊಂಡವರು ಒಬ್ಬರು, ಪ್ರತ್ಯಯ ಬಹುವಚನದ್ದು. 'ಅಡಿ' ಎಂದರೆ ಪಾದ. ಗುರುವಿನ ಮುಖ ನೋಡಿ ಹೆಸರು ಹೇಳಲಾರದೆ ಪಾದ ನೋಡಿ ಹೇಳಿದ ಕ್ರಮವಿದು. ಕರಾವಳಿಯ 'ಅಡಿಗ' ಎಂಬ ಮನೆತನದ ಹೆಸರಿನಲ್ಲಿ ಆ ಪಾದ ಇಂದಿಗೂ ಉಳಿದಿದೆ. 10ನೆಯ ಶತಮಾನದ ಹೊತ್ತಿಗೆ 'ವಡ್ಡಾರಾಧನೆ'ಯ ಗದ್ಯದಲ್ಲಿ ಭದ್ರಬಾಹು 'ಭಟಾರರ್' ಆಗುತ್ತಾರೆ.

ಹಳಗನ್ನಡದಲ್ಲಿ ಒಬ್ಬನಿಗೆ 'ನೀನ್', ಹಲವರಿಗೆ 'ನೀಮ್'. ಆ ಹಲವರ 'ನೀಮ್' ಇಂದಿನ 'ನೀವು'. 'ಬನ್ನಿಂ, ಕೇಳಿಂ' ಎಂಬುದು 'ಬನ್ನಿರಿ, ಕೇಳಿರಿ' ಆಯಿತು. ನಮ್ಮ ಕಡೆ ಅದು 'ಬರ್ರಿ, ಕೇಳ್ರಿ' ಎಂದು ಸವೆಯಿತು. ಸವೆದು ಉಳಿದ 'ರಿ' ಮಾತ್ರ ಸಾಯಲಿಲ್ಲ. ಕ್ರಿಯಾಪದದಿಂದ ಕಳಚಿಕೊಂಡು ಸಿಕ್ಕ ಸಿಕ್ಕ ಶಬ್ದಕ್ಕೆಲ್ಲ ಅಂಟಿಕೊಂಡಿತು. ಹೌದ್ರಿ, ಇಲ್ರಿ, ಏನ್ರಿ. ಗಂಡನ ಹೆಸರು ಹೇಳದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಗಂಡನ ಹೆಸರೇ 'ರೀ' ಆಗಿತ್ತು. ಗಂಡನಿಂದ ಹೆಂಡತಿಗೆ ಆ 'ರೀ' ಎಂದೂ ಮರಳಿ ಬರಲಿಲ್ಲವೆಂಬುದು ಬೇರೆ ಮಾತು. ನಮ್ಮ ಮನೆಯವರು ಇದನ್ನು ಬರೆಯಲೇಬೇಕೆಂದು ಹೇಳಿದ್ದಾರೆ.

ಮಕ್ಕಳಿಗೆ ಇದನ್ನೆಲ್ಲ ಹಿಂದೆ ಕಲಿಸುತ್ತಿದ್ದುದು ಹೇಗೆ? ಮನೆಯಲ್ಲಿ ಕೇಳಿ ಕಲಿಯುತ್ತಿದ್ದರು. ಉಳಿದದ್ದನ್ನು ಕೂಲಿಮಠದ ಐಗಳು ಕಲಿಸುತ್ತಿದ್ದರು. 'ಅಯ್ಯಗಳು' ಸವೆದು 'ಐಗಳು'. ಅಲ್ಲಿಯೂ ಅದೇ 'ಗಳ್'. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಅಮರಕೋಶ, ಸೋಮೇಶ್ವರ ಶತಕದ ಬಾಯಿಪಾಠ, ತಪ್ಪಿದವನಿಗೆ ಕೋದಂಡ. ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗ ಜೋತಾಡಬೇಕು, ಕೈಬಿಟ್ಟರೆ ಕೆಳಗೆ ಬೆತ್ತ. ಅಂಥ ಶಾಲೆಯಲ್ಲಿ ಕಲಿತ ಮರ್ಯಾದೆಯಲ್ಲಿ ಭಯ ಎಷ್ಟು, ಗೌರವ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. 'ನಮ್ಮ ಕಾಲದಲ್ಲಿ ಮಕ್ಕಳು ಎಷ್ಟು ವಿನಯವಾಗಿದ್ದರು' ಎಂದು ಹಿರಿಯರು ಹೇಳುವಾಗ ನಮಗೆ ಆ ಹಗ್ಗ ನೆನಪಾಗುತ್ತದೆ.

ಈಗ ಭೋಸರಿಗೆ ಬರೋಣ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ, ಎಲ್ಲರ ಬಾಯಲ್ಲಿ 'ಎಮ್‌.ಐ.ಡಿ.ಸಿ.', ಸ್ಥಾಪನೆಯಾಯಿತು. ಮುಂದೆ ಇಲ್ಲಿ ಕಾರಖಾನೆಗಳೆದ್ದವು. 1970ರಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿ, ಭೋಸರಿ ಕೂಡಿ ನಗರಪಾಲಿಕೆಯಾಯಿತು, 1982ರಲ್ಲಿ ಮಹಾನಗರಪಾಲಿಕೆ. ಲೇಥ್ ಯಂತ್ರದ ಮುಂದೆ ನಿಲ್ಲಲು, ಗೋಡೆ ಕಟ್ಟಲು ವಿಜಯಪುರ, ಕಲಬುರಗಿ ಕಡೆಯ ನಮ್ಮವರೂ ಬಂದರು. ಅಂಥ ಮನೆಗಳ ಮಕ್ಕಳಿಗೆ ಮೂರು ಭಾಷೆಗಳ ಲೆಕ್ಕ ಒಟ್ಟಿಗೇ ಬಂದಿತು. ಮರಾಠಿಯಲ್ಲಿ ತೂ, ತುಮ್ಹೀ, ಆಪಣ್. ನಮ್ಮ ನೀನು, ನೀವು, ತಾವುಗಳಿಗೆ ಸರಿಜೋಡಿ. ಮರಾಠಿ ಮನೆಗಳಲ್ಲಿ ತಾಯಿಗೆ 'ಏ ಆಯಿ' ಎಂದು ಏಕವಚನ, ಹಳೆಯ ಪದ್ಧತಿಯಂತೆ ತಂದೆಗೆ 'ಅಹೋ ಬಾಬಾ'. ನಮ್ಮಲ್ಲಿಯೂ ಅವ್ವನಿಗೆ 'ನೀ', ಅಪ್ಪನಿಗೆ 'ನೀವು' ಎನ್ನುವ ಮನೆಗಳು ಕಡಿಮೆಯಿಲ್ಲ. ಆದರೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯೂ'.

ಇಂಗ್ಲಿಷಿಗೆ ಮರ್ಯಾದೆ ಗೊತ್ತಿಲ್ಲ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅಲ್ಲಿಯೂ 'ದೌ' ಎಂಬ ಏಕವಚನವಿತ್ತು, 'ಯೂ' ಬಹುವಚನವಾಗಿತ್ತು. ಎಲ್ಲರಿಗೂ ಮರ್ಯಾದೆ ಕೊಡುತ್ತ ಕೊಡುತ್ತ ಏಕವಚನವೇ ಬಳಕೆ ತಪ್ಪಿತು. 17ನೆಯ ಶತಮಾನದಲ್ಲಿ ಕ್ವೇಕರ್ ಪಂಥದವರು, ಮನುಷ್ಯರೆಲ್ಲ ಸಮಾನರೆಂದು, ನ್ಯಾಯಾಧೀಶನಿಗೂ 'ದೌ' ಎಂದೇ ಮಾತಾಡಿ ಶಿಕ್ಷೆ ಅನುಭವಿಸಿದರು. ಆದ್ದರಿಂದ ನಮ್ಮ ಮಗಳ 'ಯೂ' ನಿಜಕ್ಕೂ 'ನೀವು'. ಅವಳು ಅದನ್ನು ಮನಸ್ಸಿನಲ್ಲಿ 'ನೀ' ಎಂದು ತಿರುಗಿಸಿಕೊಂಡದ್ದೇ ತಪ್ಪು. ಇದನ್ನು ದೊಡ್ಡಪ್ಪನವರಿಗೆ ವಿವರಿಸುವ ಧೈರ್ಯ ಮಾತ್ರ ನಮಗೆ ಬರಲಿಲ್ಲ.

ಮರುದಿನ ಅವರನ್ನು ಹತ್ತಿರದ ಆಳಂದಿಗೆ ಕರೆದುಕೊಂಡು ಹೋದೆವು. 1296ರಲ್ಲಿ ಜ್ಞಾನೇಶ್ವರರು ಸಮಾಧಿಸ್ಥರಾದ ಸ್ಥಳ. ಆಗ ಅವರಿಗೆ ಇಪ್ಪತ್ತೊಂದು ವರುಷ ಎನ್ನುತ್ತಾರೆ. ಅಲ್ಲಿಯ ಚಾಂಗದೇವನ ಕಥೆ ನಮ್ಮ ಈ ವಿಷಯಕ್ಕೇ ಹೇಳಿ ಮಾಡಿಸಿದಂತಿದೆ. ಯೋಗಬಲದಿಂದ 1400 ವರುಷ ಬದುಕಿದನೆಂದು ಪ್ರತೀತಿಯಿರುವ ಚಾಂಗದೇವನು ಬಾಲಕ ಜ್ಞಾನೇಶ್ವರನ ಕೀರ್ತಿ ಕೇಳಿ ಕಾಗದ ಬರೆಯಲು ಕುಳಿತ. ಮೊದಲ ಶಬ್ದದಲ್ಲಿಯೇ ಲೇಖನಿ ನಿಂತಿತು. 'ಚಿರಂಜೀವ' ಎಂದು ಬರೆಯೋಣವೆಂದರೆ ಜ್ಞಾನದಲ್ಲಿ ಅವನು ಹಿರಿಯ. 'ತೀರ್ಥರೂಪ' ಎಂದು ಬರೆಯೋಣವೆಂದರೆ ವಯಸ್ಸಿನಲ್ಲಿ ಅವನು ಕೂಸು. ಕೊನೆಗೆ ಬರಿಯ ಕಾಗದವನ್ನೇ ಕಳಿಸಿದ. ಅದಕ್ಕೆ ಉತ್ತರವಾಗಿ ಜ್ಞಾನೇಶ್ವರರು 65 ಓವಿಗಳನ್ನು ಬರೆದರು. ಅದೇ 'ಚಾಂಗದೇವ ಪಾಸಷ್ಟಿ'. ಮುಂದೆ ಆ ಮುದುಕ ಯೋಗಿ, ಜ್ಞಾನೇಶ್ವರರಿಗಿಂತಲೂ ಚಿಕ್ಕವಳಾದ ತಂಗಿ ಮುಕ್ತಾಬಾಯಿಯ ಶಿಷ್ಯನಾದನೆಂದು ಸಂಪ್ರದಾಯ ಹೇಳುತ್ತದೆ.

ಕಚೇರಿಯಲ್ಲಿ ಟಪಾಲು ಬರೆಯುವುದೇ ಕಸುಬಾದ ನಮಗೆ ಈ ಕಥೆ ಬಹಳ ಹಿಡಿಸಿತು. ಸಂಬೋಧನೆ ತಪ್ಪಿದರೆ ಒಳಗಿನ ವಿಷಯ ಓದುವವರೇ ಇಲ್ಲ. ದೊಡ್ಡಪ್ಪನವರಿಗೂ ಹಿಡಿಸಿತು. ಅವರು ಇಂದಿಗೂ ಕಾಗದದಲ್ಲಿ ಹಿರಿಯರಿಗೆ 'ತೀರ್ಥರೂಪ', ಕಿರಿಯರಿಗೆ 'ಚಿರಂಜೀವಿ' ಎಂದೇ ಬರೆಯುವವರು. ಅಂಗಳದಲ್ಲಿ ವಾರಕರಿಗಳು ಒಬ್ಬರ ಕಾಲು ಒಬ್ಬರು ಮುಟ್ಟಿ 'ಮಾವುಲಿ' ಎನ್ನುತ್ತಿದ್ದರು. ಮಾವುಲಿ ಎಂದರೆ ತಾಯಿ. ಹಣ್ಣುಮುದುಕರೊಬ್ಬರು ಬಗ್ಗಿ ನಮ್ಮ ಮಗಳ ಕಾಲನ್ನೂ ಮುಟ್ಟಿದರು. ಅವಳು ಗಾಬರಿಯಾಗಿ ಹಿಂದೆ ಸರಿದಳು. "ನೀನೂ ಮುಟ್ಟು," ಎಂದರು ದೊಡ್ಡಪ್ಪ. ಅಷ್ಟೇ, ಮತ್ತೇನೂ ಹೇಳಲಿಲ್ಲ.

ಇಲ್ಲಿಗೆ ಲೇಖನ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡಪ್ಪ ಊರಿಗೆ ಮರಳಿದ ವಾರದಲ್ಲಿ, ನಾವು ಮಗಳಿಗೆ ದಿನವೂ ಬಹುವಚನದ ಪಾಠ ಹೇಳುತ್ತಿದ್ದಾಗ, ಇನ್ನೊಂದು ನಡೆಯಿತು. ನಮ್ಮ ಕಟ್ಟಡದ ಮೆಟ್ಟಿಲು ಗುಡಿಸಲು ಬರುವ ಹೆಂಗಸಿಗೆ ಎಪ್ಪತ್ತರ ಹತ್ತಿರ ವಯಸ್ಸು. ನಾವು ಬಾಗಿಲಲ್ಲಿ ನಿಂತು, ಮರಾಠಿಯಲ್ಲಿ, ನಾಳೆ ಬೇಗ ಬಾ ಎಂದು 'ತೂ' ಹಚ್ಚಿಯೇ ಹೇಳಿದೆವು. ಒಳಗೆ ಬಂದರೆ ಮಗಳು ಕೇಳಿದಳು: "ಆ ಅಜ್ಜಿ ನಮ್ಮ ಅಜ್ಜನಷ್ಟೇ ದೊಡ್ಡವರಲ್ಲೇನು? ಅವರಿಗ್ಯಾಕ ಏಕವಚನ?"

ಉತ್ತರ ನಮಗೆ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು. ಊರಲ್ಲಿ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರನ್ನು ನಾವು ಹುಡುಗರೆಲ್ಲ ಹೆಸರು ಹಿಡಿದು, 'ಬಾರೋ ಹೋಗೋ' ಎಂದೇ ಕರೆಯುತ್ತಿದ್ದೆವು. ಅವರು ನಮಗೆ 'ಬರ್ರಿ ಧಣಿ' ಎನ್ನುತ್ತಿದ್ದರು. ಯಾವ ಹಿರಿಯರೂ ನಮ್ಮನ್ನು ತಿದ್ದಲಿಲ್ಲ. ವಯಸ್ಸಿಗೆ ಮರ್ಯಾದೆ ಎಂದು ಕಲಿಸಿದ ಊರೇ, ಯಾರ ವಯಸ್ಸು ಲೆಕ್ಕಕ್ಕಿಲ್ಲ ಎಂಬುದನ್ನೂ ಕಲಿಸಿತ್ತು. ಬಹುವಚನ ಜಾತಿ ಕೇಳಿ, ಕೈಯಲ್ಲಿಯ ಕೆಲಸ ನೋಡಿ ಬರುತ್ತಿತ್ತು.

ಊರಿನಿಂದ ಪುಣೆಗೆ ಬರುವಾಗ ಸೊಲ್ಲಾಪುರದ ಹಾದಿಯಿಂದ ಸ್ವಲ್ಪ ಪಕ್ಕಕ್ಕೆ ಮಂಗಳವೇಢೆ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣನವರು ಬಿಜ್ಜಳನ ಬಳಿ ಕೆಲಸ ಮಾಡಿದ್ದು ಇಲ್ಲಿ. ಒಂದು ವಚನದಲ್ಲಿ ಅವರು ಮಾದಾರ ಚೆನ್ನಯ್ಯನನ್ನು ತಂದೆಯೆಂದೂ ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಕರೆಯುತ್ತಾರೆ. ಶರಣರ ಹೆಸರುಗಳ ಪಟ್ಟಿ ನೋಡಿರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು. ಕೆಲಸದ ಹೆಸರನ್ನು ಮುಚ್ಚಿಡಲಿಲ್ಲ, ಅದರ ಮುಂದೆಯೇ 'ಅಯ್ಯ' ಹಚ್ಚಿದರು. ಬಸವಣ್ಣನವರ ಅಕ್ಕನ ಮಗ ಚಿಕ್ಕವನಾದರೂ ಚೆನ್ನಬಸವ'ಣ್ಣ'. ದೇವರಿಗೆ ಮಾತ್ರ 'ನೀನು'!

ಅದೇ ಮಂಗಳವೇಢೆಯಲ್ಲಿಯೇ 1338ರಲ್ಲಿ ಸಂತ ಚೋಖಾಮೇಳ ಗೋಡೆ ಕುಸಿದು ತೀರಿಕೊಂಡರು. ಮಹಾರ ಜಾತಿಯವರು. ಕೂಲಿಗೆ ಗೋಡೆ ಕಟ್ಟುತ್ತಿದ್ದರು. ಅವರ ಅಭಂಗದಲ್ಲಿ ಮಹಾರರು ಮೇಲಿನವರಿಗೆ ಮಾಡುವ 'ಜೋಹಾರ್' ಎಂಬ ವಂದನೆ ಬರುತ್ತದೆ. ಬಸವಣ್ಣನವರ ಊರಿನಲ್ಲಿ, ಅವರ ಕಾಲವಾಗಿ ಸುಮಾರು ನೂರೆಪ್ಪತ್ತು ವರುಷಗಳ ಮೇಲೆ, ಅಂಥ ಭಕ್ತರು ಹಾಗೆಯೇ ಕೂಲಿಗೆ ಗೋಡೆ ಕಟ್ಟುತ್ತಿದ್ದರು. ಇಂದು ಪಂಢರಪುರದಲ್ಲಿ ಚೋಖಾಮೇಳರ ಸಮಾಧಿ ವಿಠ್ಠಲನ ಮಹಾದ್ವಾರದ ಹೊರಗಿದೆ. ಒಳಗೆ ಹೋಗುವವರು ಅದಕ್ಕೆ ಕೈಮುಗಿದೇ ಹೋಗುತ್ತಾರೆ. ಬದುಕಿದ್ದಾಗ ಅವರನ್ನು ಯಾರೂ ಒಳಗೆ ಬಿಟ್ಟಿರಲಿಲ್ಲ.

ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. "ತಪ್ಪು ನಮ್ಮದು," ಎಂದಷ್ಟೇ ಹೇಳಿದೆವು. ಮರುದಿನ ಮುಂಜಾನೆ ಮೆಟ್ಟಿಲ ಮೇಲೆ ಆ ಅಜ್ಜಿಯವರಿಗೆ 'ತುಮ್ಹೀ' ಎಂದು ಮಾತಾಡಿಸಿದೆವು. ನಾಲಿಗೆ ಒಮ್ಮೆ ತಡವರಿಸಿತು. ಅವರು ಕಸಬರಿಗೆ ನಿಲ್ಲಿಸಿ, ನಾವು ಬೇರೆ ಯಾರಿಗೋ ಹೇಳುತ್ತಿರಬೇಕೆಂದು ಹಿಂದೆ ತಿರುಗಿ ನೋಡಿದರು. ಯಾರೂ ಇಲ್ಲದ್ದು ಕಂಡು ನಕ್ಕರು. ಈಗ ಮೂರು ತಿಂಗಳಾಯಿತು. ನಮಗೆ ರೂಢಿಯಾಗಿದೆ, ಅವರಿಗೆ ಇನ್ನೂ ಆಗಿಲ್ಲ. ನಮ್ಮ ಒಂಬತ್ತು ವರುಷದ ಮಗಳನ್ನು ಅವರು ಈಗಲೂ 'ತಾಯೀ', ಅಂದರೆ ಅಕ್ಕ, ಎಂದೇ ಕರೆಯುತ್ತಾರೆ.