‘ರನ್ ಅಮಕ್’ ಎಂಬ ಆಂಗ್ಲ ಪದಗುಚ್ಛದ ಮೂಲವಿಚಾರ

ಮನುಷ್ಯನಾಗಲಿ ಮೃಗವಾಗಲಿ ಎಗ್ಗಿಲ್ಲದೆ ಕಂಡಕಂಡವರ ಮೇಲೆ ಬೀಳುವುದನ್ನು ಇಂಗ್ಲಿಷಿನಲ್ಲಿ ‘ರನ್ ಅಮಕ್’ ಎಂಬ ಕ್ರಿಯಾಪದಗುಚ್ಛದಿಂದ ಹೇಳುವುದು ರೂಢಿ. ಈಚೆಗೆ ಇದರ ಅರ್ಥವು ಬಹಳ ಸಡಿಲಿ, ತುಂಟ ಮಕ್ಕಳಿಗೂ ಕಡಿವಾಣವಿಲ್ಲದ ಕಲ್ಪನೆಗೂ ಸಲ್ಲುತ್ತಿದೆ. ‘ರನ್’ ಎಂಬುದು ಆಂಗ್ಲರ ಸ್ವಂತ ಧಾತು. ಉಳಿದುದು ಮಲಯ ಭಾಷೆಯ ‘ಅಮುಕ್’ ಶಬ್ದ. ರೋಷೋನ್ಮತ್ತನಾಗಿ ಮೇಲೆ ಬಿದ್ದು ಇರಿಯುವುದೆಂಬುದು ಅದರ ಅರ್ಥ.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರಿಗೆ ಇಲ್ಲಿ ಒಂದು ಪ್ರಲೋಭನವುಂಟು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ (1886) ಇದಕ್ಕೆ ‘ಅಮೋಕ್ಷ್ಯ’ ಎಂಬ ಸಂಸ್ಕೃತ ಮೂಲವನ್ನು ಊಹಿಸಿದವರ ಮತವೂ ಉಕ್ತವಾಗಿದೆ. (ಇವರಲ್ಲಿ ಬರ್ನೆಲ್ ಮಹಾಶಯನು ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ತನ್ನ ಗ್ರಂಥವನ್ನು 1874ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದವನು.) ಬಿಡಿಸಲಾಗದವನು, ಎಂದರೆ ವ್ರತಬದ್ಧನು, ಎಂಬ ಅರ್ಥವು ಮನೋಹರವಾಗಿಯೇ ಇದೆ. ನಾನೂ ಕೆಲವು ವರ್ಷ ವಿದ್ಯಾರ್ಥಿಗಳಿಗೆ ಹೀಗೆಯೇ ಪಾಠ ಹೇಳಿದೆನು. ಅದು ತಪ್ಪೆಂದು ಈಗ ಒಪ್ಪಿಕೊಳ್ಳದೆ ಗತಿಯಿಲ್ಲ.

ಏಕೆಂದರೆ, ಮಲಯ ಭಾಷೆಗೆ ಸಂಸ್ಕೃತದಿಂದ ಹೋದ ಶಬ್ದಗಳು ಬಹಳ. ಅವುಗಳ ಗತಿಯನ್ನು ಪರೀಕ್ಷಿಸಬಹುದು. ಸಾಕ್ಷಿಯು ‘ಸಾಕ್ಸಿ’ ಎಂದೂ, ರಾಕ್ಷಸನು ‘ರಾಕ್ಸಾಸ’ ಎಂದೂ, ಅಕ್ಷರವು ‘ಅಕ್ಸರ’ ಎಂದೂ ಅಲ್ಲಿ ನಿಂತಿವೆ. ಕ್ಷಕಾರದಲ್ಲಿನ ಊಷ್ಮವು ಸಕಾರವಾಗಿ ಉಳಿದಿದೆಯೇ ಹೊರತು ಲೋಪವಾಗಿಲ್ಲ. ಮೋಕ್ಷವೇ ಜಾವಾ ದ್ವೀಪದಲ್ಲಿ ‘ಮೋಕ್ಸ’ ಎಂದಾಗಿರಲು, ಅಮೋಕ್ಷ್ಯವೊಂದೇ ಸಕಾರವನ್ನು ಕಳೆದುಕೊಂಡು ‘ಅಮುಕ್’ ಆಯಿತೆಂಬುದಕ್ಕೆ ಯಾವ ಪ್ರಮಾಣವಿದೆ? ಧ್ವನಿಸಾದೃಶ್ಯವು ವ್ಯುತ್ಪತ್ತಿಯಲ್ಲ.

ಆದರೆ ವ್ರತದ ಭಾವನೆಯು ಬರಿಯ ಕಟ್ಟುಕಥೆಯೂ ಅಲ್ಲ. ಕಣ್ಣಾನೂರಿನಲ್ಲಿ ಪೋರ್ಚುಗೀಸರ ಲೇಖಕನಾಗಿದ್ದ ದುವಾರ್ತೆ ಬಾರ್ಬೋಸನು 1516ರ ಸುಮಾರಿನಲ್ಲಿ ಜಾವಾದವರ ವಿಷಯವಾಗಿ ಬರೆಯುತ್ತ, ರೋಗದಲ್ಲಿ ಹರಕೆ ಹೊತ್ತು, ಗುಣವಾದ ಮೇಲೆ ಕಠಾರಿ ಹಿಡಿದು ಬೀದಿಗಿಳಿದು ಕೊಲ್ಲುತ್ತ ಸಾಯುವವರನ್ನು ಈ ಹೆಸರಿನಿಂದಲೇ ಕರೆದಿದ್ದಾನೆ. ಮಲಬಾರಿನಲ್ಲಿ ಒಡೆಯನಿಗಾಗಿ ಪ್ರಾಣವನ್ನು ಮುಡಿಪಿಟ್ಟ ನಾಯರ್ ಚಾವೇರರಿಗೂ ಪೋರ್ಚುಗೀಸರು ಇದೇ ಶಬ್ದವನ್ನು ಹಚ್ಚಿದರು. ನಮ್ಮ ವೇಳೆವಾಳಿಗಳನ್ನೂ ಗರುಡರನ್ನೂ ಬಲ್ಲವರಿಗೆ ಈ ಆಚಾರವು ಅಪರಿಚಿತವಲ್ಲ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ಗತಿಸಲು ಅವನೊಡನೆ ಮಡಿದ ಕುವರಲಕ್ಷ್ಮನ ಶಾಸನವು ಹಳೇಬೀಡಿನಲ್ಲಿದೆ. ಆದರೆ ಗರುಡನು ತನ್ನ ತಲೆಯನ್ನೊಪ್ಪಿಸಿದವನು, ಬೀದಿಯವರನ್ನು ಇರಿದವನಲ್ಲ. ಎರಡಕ್ಕೂ ಒಂದೇ ಹೆಸರನ್ನಿಟ್ಟವರು ಪರದೇಶಿಗಳು. ‘ಅಮೋಕ್ಷ್ಯ’ವಾದಕ್ಕೆ ಆಸರೆ ದೊರೆತುದು ಈ ಸಾಂಕರ್ಯದಿಂದಲೇ ಎಂದು ನನಗೆ ತೋರುತ್ತದೆ.

ಇನ್ನು ಪದಚ್ಛೇದದ ಮಾತು ವಿನೋದಕರವಾದುದು. ಆಂಗ್ಲರ ಕಿವಿಗೆ ‘ಅಮಕ್’ ಎಂಬುದರ ಆದಿಯ ಅಕಾರವು ತಮ್ಮ ಭಾಷೆಯ ‘ಒಂದು’ ಎಂಬರ್ಥದ ‘ಎ’ಕಾರದಂತೆ ಕೇಳಿಸಿತು. 1672ರಲ್ಲಿ ಮಾರ್ವೆಲ್ ಕವಿಯು ತನ್ನ ಗದ್ಯದಲ್ಲಿ ‘ಎ ಮಕ್’ ಎಂದು ಒಡೆದು ಬರೆದನು. 1687ರಲ್ಲಿ ಡ್ರೈಡನ್ ಮಹಾಕವಿಯು ಒಂದು ಹೆಜ್ಜೆ ಮುಂದೆ ಹೋಗಿ, ‘ಇಂಡಿಯನ್’ ಎಂಬ ವಿಶೇಷಣವನ್ನು ನಡುವೆ ಸೇರಿಸಿ ‘ಆನ್ ಇಂಡಿಯನ್ ಮಕ್’ ಎಂದುಬಿಟ್ಟನು! ಇಲ್ಲದ ‘ಮಕ್’ ಎಂಬ ನಾಮಪದವೊಂದು ಹೀಗೆ ಹುಟ್ಟಿತು. ಆ ಭಾಷೆಯಲ್ಲಿ ಸಗಣಿಗೊಬ್ಬರಕ್ಕೆ ಬೇರೊಂದು ‘ಮಕ್’ ಶಬ್ದವು ಮೊದಲೇ ಇದ್ದುದನ್ನು ಮಹಾಕವಿಯು ಲೆಕ್ಕಿಸಲಿಲ್ಲ. ಈಗ ಎರಡು ಖಂಡಗಳನ್ನೂ ಕೂಡಿಸಿ, ಹೆಚ್ಚಾಗಿ ‘ಅಮೋಕ್’ ಎಂದೇ ಬರೆಯುತ್ತಾರೆ.