ಪದ ಪರಿಚಯ: ‘ಮಲತಾಯಿ’ ಮಾಡಿದ ತಪ್ಪೇನು?

ಕಾವೇರಿ ನೀರಿರಲಿ, ಬರ ಪರಿಹಾರವಿರಲಿ, ತೆರಿಗೆ ಪಾಲಿರಲಿ, ನಮ್ಮ ಮನವಿ ಪತ್ರಗಳಲ್ಲಿ ‘ಮಲತಾಯಿ ಧೋರಣೆ’ ಅನ್ನೋ ಮಾತು ತಪ್ಪೋದಿಲ್ಲ. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ತಡೆದಾಗ ನಾನೂ ಅದನ್ನೇ ಕೂಗಿದ್ದೆ. ವಿಡಿಯೋ ನೋಡಿದ ಚಿಕ್ಕವ್ವ ಕೇಳಿದಳು: “ಅಲ್ಲ ಕಣ್ಲಾ ಮಗ, ನೀರು ಬಿಟ್ಟೋರು ಅವ್ರು, ಬೈಸ್ಕಳದು ನಾವಾ?” ಚಿಕ್ಕವ್ವ ಅಂದ್ರೆ ನನ್ನನ್ನು ಸಾಕಿದ ಮಲತಾಯಿ.

ಅರ್ಥ: ಮಲತಾಯಿ, ಮಲತಂದೆ, ಮಲಮಗ, ಮಲಮಗಳು ಇವೆಲ್ಲ ಹೆತ್ತವರ ಇನ್ನೊಂದು ಮದುವೆಯಿಂದ ಕೂಡಿಬಂದ ನಂಟುಗಳು. ಸಂಸ್ಕೃತದ ‘ಮಲ’, ಅಂದ್ರೆ ಕೊಳೆ, ಎಂದು ಓದಿಕೊಂಡು ಮುಖ ಸಿಂಡರಿಸುವವರಿದ್ದಾರೆ. ಆದರೆ ತಾಯಿ, ಮಗ ಎಂಬ ಕನ್ನಡದ್ದೇ ಪದಗಳ ಮುಂದೆ ಕೂತ ಈ ‘ಮಲ’ ಹೇಳೋದು ಕೊಳೆಯನ್ನಲ್ಲ, ‘ಮತ್ತೊಂದು’ ಎಂಬುದನ್ನು. ತಮಿಳಿನ ‘ಮಾಟ್ರಾಂದಾಯ್’, ತೆಲುಗಿನ ‘ಮಾರುತಲ್ಲಿ’ ಕೂಡ ಹೇಳೋದು ಬದಲಿ ತಾಯಿ ಎಂದೇ.

ಊರಿನ ಬಳಕೆ: ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ‘ಮಲತಾಯಿ’ ಎಂದು ಎದುರಿಗೆ ಯಾರೂ ಕರೆಯಲ್ಲ. ಅವ್ವನ ತಂಗಿ, ಚಿಕ್ಕಪ್ಪನ ಹೆಂಡತಿ, ಅಪ್ಪನ ಎರಡನೇ ಹೆಂಡತಿ ಎಲ್ಲರೂ ‘ಚಿಕ್ಕವ್ವ’ರೇ. ಅಕ್ಕ ತೀರಿಕೊಂಡರೆ ತಂಗಿಯನ್ನೇ ಭಾವನಿಗೆ ಕೊಡುತ್ತಿದ್ದ ಕಾಲದಲ್ಲಿ ಮಕ್ಕಳ ಬಾಯಲ್ಲಿ ಹೆಸರು ಬದಲಾಗುತ್ತಲೇ ಇರಲಿಲ್ಲ. ಆ ತಂಗಿಯ ಒಪ್ಪಿಗೆಯನ್ನು ಬಹುತೇಕ ಯಾರೂ ಕೇಳುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಪುರಾಣದ ನೆನಪು: ಶ್ರೀರಾಮನನ್ನು ಕಾಡಿಗೆ ಕಳಿಸಿದ ಕೈಕೇಯಿಯೇ ನಮಗೆ ಮಲತಾಯಿಯ ಮಾದರಿ. ಆದರೆ ಪಾಂಡವಪುರದ ಪಕ್ಕದಲ್ಲೇ ಕುಂತಿಬೆಟ್ಟವಿದೆ. ನಕುಲ ಸಹದೇವರಿಗೆ ಕುಂತಿ ಮಲತಾಯಿ. ಮಾದ್ರಿ ಸತ್ತ ಮೇಲೆ ಅವರನ್ನು ತನ್ನ ಮಕ್ಕಳ ಜೊತೆಗೇ ಬೆಳೆಸಿದವಳು. ಆ ‘ಧೋರಣೆ’ ಗಾದೆಯಾಗಲಿಲ್ಲ.

ಕಾನೂನು: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಹೆಣ್ಣಿನ ಆಸ್ತಿಯ ಹಂಚಿಕೆಯಲ್ಲಿ ‘ಮಗ’ ಎಂದರೆ ಮಲಮಗ ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ಆದರೆ 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಲತಂದೆ, ಮಲತಾಯಿಯನ್ನೂ ‘ಪೋಷಕರು’ ಎಂದೇ ಗುರುತಿಸುತ್ತದೆ. ವಯಸ್ಸಾದ ಮೇಲೆ ಮಕ್ಕಳಿಂದ ಜೀವನಾಂಶ ಕೇಳಲು ಅದು ದಾರಿ ಮಾಡಿಕೊಟ್ಟಿದೆ.

ಸರ್ಕಾರಗಳು ನಮ್ಮ ಪಾಲು ಕೊಡದಿದ್ದರೆ ಕೇಳೋಣ, ಜೋರಾಗಿಯೇ ಕೇಳೋಣ. ಅದಕ್ಕೆ ‘ತಾರತಮ್ಯ’ ಇದೆ, ‘ಅನ್ಯಾಯ’ ಇದೆ. ಮುಂದಿನ ಮನವಿ ಪತ್ರ ನಾನು ಬರೆದರೆ ಅದರಲ್ಲಿ ಚಿಕ್ಕವ್ವನ ಹೆಸರು ಎಳೆಯಲ್ಲ.